ಸ್ಟೀರಿಂಗ್ ಬಿಡದ ವೀಕ್ಷಕ ವಿವರಣೆಗಾರ

ಚೆನ್ನೈನ ಕರುಣ್ ಚಾಂದೋಕ್ ಟಿವಿಯಲ್ಲಿ ಫಾರ್ಮುಲಾ ಒನ್ ರೇಸುಗಳನ್ನು ವಿಶ್ಲೇಷಿಸುತ್ತಾರೆ, ಸ್ವತಃ ರೇಸ್ ಕಾರನ್ನೂ ಓಡಿಸುತ್ತಾರೆ. 1984ರಲ್ಲಿ ಹುಟ್ಟಿದ ಅವರಿಗೆ ಈ ಗೀಳು ಮನೆತನದ್ದು. ಅಜ್ಜ ಇಂದು ಚಾಂದೋಕ್ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರು. ತಂದೆ ವಿಕ್ಕಿ ಕೂಡ ರೇಸುಗಾರರು. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನಲ್ಲಿರುವುದು ಇದೇ ಕ್ಲಬ್ಬಿನ ಟ್ರ್ಯಾಕು. ಚಿಂತಾಮಣಿಯ, ಶಿಡ್ಲಘಟ್ಟದ ಹುಡುಗರಿಗೆ ಕಾರ್ ರೇಸಿನ ಹುಚ್ಚು ಹತ್ತಿದರೆ, ಬೆಂಗಳೂರಿನ ಗೋ-ಕಾರ್ಟ್ ಮುಗಿಸಿ ಹೋಗಬೇಕಾದದ್ದು ಅಲ್ಲಿಗೆ, ಇಲ್ಲವೇ ಕೊಯಮತ್ತೂರಿಗೆ.

ಯುರೋಪಿನ ಜಿಪಿ2 ಸರಣಿಯಲ್ಲಿ ರೇಸುಗಳನ್ನು ಗೆದ್ದು ಬಂದ ಕರುಣ್, 2010ರಲ್ಲಿ ಎಚ್‌ಆರ್‌ಟಿ ತಂಡದ ಮೂಲಕ ಫಾರ್ಮುಲಾ ಒನ್ ಸೇರಿದರು. ನಾರಾಯಣ್ ಕಾರ್ತಿಕೇಯನ್ ನಂತರ ಅಲ್ಲಿಗೆ ತಲುಪಿದ ಎರಡನೆಯ ಭಾರತೀಯ. ಬಹರೇನ್‌ನ ಮೊದಲ ರೇಸಿಗೆ ಅವರ ಕಾರು ಸಿದ್ಧವೇ ಆಗಿರಲಿಲ್ಲ. ಅಭ್ಯಾಸವಿಲ್ಲದೆ ನೇರವಾಗಿ ಅರ್ಹತಾ ಸುತ್ತಿಗೇ ಇಳಿಯಬೇಕಾಯಿತು. ಅಂಥ ತಂಡದಲ್ಲಿ ಚಾಲಕನ ಕೌಶಲ ಅಳೆಯುವುದೇ ಅನ್ಯಾಯ. ಹತ್ತು ರೇಸಿನ ಬಳಿಕ ಸೀಟು ಹೋಯಿತು. 2011ರಲ್ಲಿ ಲೋಟಸ್ ತಂಡ ಜರ್ಮನಿಯಲ್ಲೊಮ್ಮೆ ಅವಕಾಶ ಕೊಟ್ಟಿತು. ಅದೇ ವರ್ಷ ನೋಯ್ಡಾ ಬಳಿಯ ಮೊದಲ ಇಂಡಿಯನ್ ಗ್ರ್ಯಾನ್ ಪ್ರೀಯಲ್ಲಿ ತವರಿನ ಪ್ರೇಕ್ಷಕರು ಅವರನ್ನು ಕಂಡದ್ದು ಶುಕ್ರವಾರದ ಅಭ್ಯಾಸದಲ್ಲಿ ಮಾತ್ರ.

ಆಮೇಲಿನ ದಾರಿ ಬೇರೆ. 2012ರಲ್ಲಿ 24 ಗಂಟೆಗಳ ಲೆ ಮಾನ್ಸ್ ರೇಸಿನಲ್ಲಿ ಅವರ ತಂಡ ಆರನೆಯದಾಯಿತು. 2014-15ರಲ್ಲಿ ಮಹೀಂದ್ರಾ ಪರ ಫಾರ್ಮುಲಾ ಇ ವಿದ್ಯುತ್ ಕಾರು ಓಡಿಸಿದರು. ಬೀಜಿಂಗ್‌ನ ಮೊಟ್ಟಮೊದಲ ರೇಸಿನಲ್ಲಿ ಐದನೇ ಸ್ಥಾನ. ಜೊತೆಜೊತೆಗೇ ಮೈಕಿನ ಕೆಲಸವೂ ಬೆಳೆಯಿತು. ಬ್ರಿಟನ್ನಿನ ಚಾನೆಲ್ 4ರಲ್ಲಿ ಕೆಲಸ ಮಾಡಿ, 2019ರಲ್ಲಿ ಸ್ಕೈ ಸ್ಪೋರ್ಟ್ಸ್ ಸೇರಿದರು.

ಅವರ ವಿಶ್ಲೇಷಣೆಯ ಬಲ ಇರುವುದು ಪರದೆಯ ಮೇಲೆ ಎರಡು ಕಾರುಗಳ ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದರಲ್ಲಿ. ಒಬ್ಬ ಚಾಲಕ ಬ್ರೇಕನ್ನು ತುಸು ತಡವಾಗಿ ಒತ್ತುತ್ತಾನೆ, ಇನ್ನೊಬ್ಬ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರನ್ನು ಬೇಗ ತುಳಿಯುತ್ತಾನೆ. ನೋಡುವವರಿಗೆ ಒಂದೇ ಥರ ಕಾಣುವ ಎರಡು ಸುತ್ತುಗಳ ನಡುವಿನ ಸೆಕೆಂಡಿನ ಹತ್ತನೇ ಒಂದು ಭಾಗ ಎಲ್ಲಿ ಹೋಯಿತೆಂದು ಅವರು ಬೆರಳಿಟ್ಟು ತೋರಿಸುತ್ತಾರೆ. ಬರೀ ಅಂಕಿಅಂಶ ಓದುವವರಿಗೆ ಇದು ಸುಲಭದ ಮಾತಲ್ಲ. ಸ್ವತಃ ಓಡಿಸುವ ಅಭ್ಯಾಸವೂ ತಪ್ಪಿಲ್ಲ: ವಿಲಿಯಮ್ಸ್ ತಂಡದ ಹಳೆಯ ಫಾರ್ಮುಲಾ ಒನ್ ಕಾರುಗಳನ್ನು ಪ್ರದರ್ಶನಗಳಲ್ಲಿ ಓಡಿಸಿದ್ದಾರೆ, ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಚಾರಿತ್ರಿಕ ಕಾರುಗಳ ರೇಸಿಗೂ ಇಳಿಯುತ್ತಾರೆ.

ಕನ್ನಡನಾಡಿನಿಂದ ಫಾರ್ಮುಲಾ ಒನ್ ಬಾಗಿಲಿನವರೆಗೆ ಹೋದವರಲ್ಲೊಬ್ಬರು ಬೆಂಗಳೂರಿನ ಅರ್ಜುನ್ ಮೈನಿ. 2018ರಲ್ಲಿ ಹಾಸ್ ತಂಡದ ಡೆವಲಪ್‌ಮೆಂಟ್ ಡ್ರೈವರ್ ಆಗಿದ್ದರು, ಫಾರ್ಮುಲಾ ಒನ್ ರೇಸಿನ ಸೀಟು ಮಾತ್ರ ಸಿಗಲಿಲ್ಲ. 2021ರಿಂದ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಓಡಿಸುತ್ತಿದ್ದಾರೆ.