ಪ್ರತಿಸ್ಪಂದಿ ಕ್ರಮವಿಧಿಯೂ ಮುಕ್ತ ಭಾಷಾಸಾಧನಗಳೂ

ಕೊಳ್ಳೇಗಾಲದ ರೇಷ್ಮೆಯ ಮಗ್ಗಗಳನ್ನು ಕಂಡವರಿಗೆ ಜಕಾರ್ಡ್ ಯಂತ್ರದ ಪರಿಚಯವಿದ್ದೇ ಇರುತ್ತದೆ. ರಂಧ್ರಗಳನ್ನು ಕೊರೆದ ರಟ್ಟಿನ ಪಟ್ಟಿಗಳು ಮಗ್ಗದ ಮೇಲುಗಡೆ ಒಂದಾದ ಮೇಲೊಂದರಂತೆ ಸರಿಯುತ್ತವೆ. ರಂಧ್ರವಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಸೆರಗಿನಲ್ಲಿ ಚಿತ್ತಾರ ಮೂಡುತ್ತದೆ. 19ನೆಯ ಶತಮಾನದ ಆದಿಯಲ್ಲಿ ಫ್ರಾನ್ಸ್ ದೇಶದ ಜಕಾರ್ಡನು ರೂಪಿಸಿದ ಈ ಉಪಾಯದಲ್ಲಿ, ಮಾಡಬೇಕಾದ ಕೆಲಸವನ್ನು ಮುಂಚಿತವಾಗಿಯೇ ಪಟ್ಟಿಯಲ್ಲಿ ಬರೆದಿಡಲಾಗುತ್ತದೆ. ಹೀಗೆ ಬರೆದಿಟ್ಟ ಆಜ್ಞೆಗಳ ಸರಣಿಯನ್ನೇ ಗಣಕಶಾಸ್ತ್ರದಲ್ಲಿ ಪ್ರೋಗ್ರಾಂ ಅಥವಾ ಕ್ರಮವಿಧಿ ಎನ್ನುತ್ತಾರೆ. ಮಗ್ಗದಲ್ಲಿ ರಂಧ್ರಗಳು ಮಾಡುವ ಕೆಲಸವನ್ನು ಗಣಕಯಂತ್ರದಲ್ಲಿ ಪ್ರೋಗ್ರಾಮಿಂಗ್ ಭಾಷೆಗಳು ಮಾಡುತ್ತವೆ.

ಇಂತಹ ಭಾಷೆಗಳು ಇಂದು ನೂರಾರು. ಅವುಗಳನ್ನು ಬರೆಯಲು, ತಿದ್ದಲು, ಯಂತ್ರಕ್ಕೆ ಅರ್ಥವಾಗುವಂತೆ ಮಾರ್ಪಡಿಸಲು ಬೇಕಾದ ಸಾಧನಗಳೂ ಅಷ್ಟೇ. ಇವುಗಳಲ್ಲಿ ಯಾವುದನ್ನು ಮಕ್ಕಳ ಕೈಗೆ ಕೊಡಬೇಕೆಂಬುದು ಶಿಕ್ಷಕರಿಗೆ ಮಾತ್ರವಲ್ಲದೆ, ಶಾಲೆಗೆ ಗಣಕಯಂತ್ರಗಳನ್ನು ಕೊಡಿಸುವ ದಾನಿಗಳಿಗೂ ಸಂಬಂಧಿಸಿದ ಪ್ರಶ್ನೆ. ಆಯ್ಕೆಗೆ ಎರಡು ಲಕ್ಷಣಗಳನ್ನು ಒರೆಗಲ್ಲಾಗಿ ಇಟ್ಟುಕೊಳ್ಳಬಹುದು: ಒಂದು ಪ್ರತಿಸ್ಪಂದನ, ಇನ್ನೊಂದು ಮುಕ್ತತೆ.

ಪ್ರತಿಸ್ಪಂದನವೆಂದರೇನೆಂಬುದು ಅಂಕಪಟ್ಟಿಯ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಒಬ್ಬ ವಿದ್ಯಾರ್ಥಿನಿಗೆ ಕನ್ನಡದಲ್ಲಿ 72, ಗಣಿತದಲ್ಲಿ 58, ವಿಜ್ಞಾನದಲ್ಲಿ 64 ಅಂಕಗಳು ಬಂದಿವೆಯೆಂದಿಟ್ಟುಕೊಳ್ಳೋಣ, ಮೊತ್ತ 194. ವಿದ್ಯಾರ್ಥಿವೇತನಕ್ಕೆ 200 ಬೇಕು. ಮರುಎಣಿಕೆಯಲ್ಲಿ ಗಣಿತದ 58 ಎಂಬುದು 68 ಆಯಿತು. ಸಾಮಾನ್ಯ ರೀತಿಯ ಕ್ರಮವಿಧಿಯಲ್ಲಿ ಗಣಿತದ ಅಂಕವನ್ನು ತಿದ್ದಿದ ಮಾತ್ರಕ್ಕೆ ಮೊತ್ತ ಬದಲಾಗುವುದಿಲ್ಲ. 'ಮತ್ತೆ ಕೂಡು' ಎಂದು ಪುನಃ ಆಜ್ಞಾಪಿಸುವವರೆಗೂ ಅದು 194 ಆಗಿಯೇ ಉಳಿಯುತ್ತದೆ. ಆಜ್ಞಾಪಿಸಲು ಮರೆತರೆ ಅರ್ಹಳಾದ ಬಾಲಕಿ ಅನರ್ಹಳಾಗುತ್ತಾಳೆ. ಪ್ರತಿಸ್ಪಂದಿ ಕ್ರಮವಿಧಿಯಲ್ಲಾದರೋ ಮೊತ್ತವೆಂಬುದು ಒಮ್ಮೆ ಕೂಡಿ ಮುಗಿಸಿದ ಸಂಖ್ಯೆಯಲ್ಲ, ಮೂರು ಅಂಕಗಳೊಡನೆ ಸದಾ ನಿಲ್ಲುವ ಸಂಬಂಧ. ಅಂಕ ಬದಲಾದೊಡನೆ ಮೊತ್ತ 204 ಆಗುತ್ತದೆ, ಸರಾಸರಿ 68 ಆಗುತ್ತದೆ, ಅರ್ಹತೆಯ ಪಟ್ಟಿಯೂ ತಾನಾಗಿ ತಿದ್ದಿಕೊಳ್ಳುತ್ತದೆ.

ಹೊಲಕ್ಕೆ ಏತದಿಂದ ನೀರೆತ್ತುವುದಕ್ಕೂ ಕಾಲುವೆಯಿಂದ ನೀರು ಹಾಯಿಸುವುದಕ್ಕೂ ಇರುವ ವ್ಯತ್ಯಾಸವೇ ಇದು. ಏತದವನ ಕೈ ನಿಂತರೆ ನೀರೂ ನಿಲ್ಲುತ್ತದೆ. ಸುವರ್ಣಾವತಿಯ ನೀರನ್ನು ನೆಚ್ಚಿದ ಯಳಂದೂರು ಸೀಮೆಯ ರೈತನು ಬಲ್ಲಂತೆ, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ಯಾರೂ ಹೇಳಿಕಳುಹಿಸಬೇಕಾಗಿಲ್ಲ. ಆದರೆ ಕಾಲುವೆಗೆ ಮಟ್ಟ ನೋಡಿ ದಾರಿ ಕಡಿದಿರಬೇಕು. ಅಂತೆಯೇ ಇಲ್ಲಿಯೂ ಅಂಕದಿಂದ ಮೊತ್ತ, ಮೊತ್ತದಿಂದ ಸರಾಸರಿ ಎಂಬ ಕ್ರಮವನ್ನು ಸಾಧನವು ಅರಿತಿರಬೇಕು. ಮೊತ್ತವು ಸರಾಸರಿಯನ್ನೂ ಸರಾಸರಿಯು ಮೊತ್ತವನ್ನೂ ಅವಲಂಬಿಸಿದರೆ ಅನ್ಯೋನ್ಯಾಶ್ರಯ ದೋಷ ಉಂಟಾಗಿ ಲೆಕ್ಕ ನಿಲ್ಲುತ್ತದೆ.

ಈ ತತ್ತ್ವ ಬಳಕೆದಾರರ ಕೈಗೆ ಮೊದಲು ವ್ಯಾಪಕವಾಗಿ ದೊರೆತದ್ದು 1979ರಲ್ಲಿ, ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರಚಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟಿನ ಮೂಲಕ. 1997ರಲ್ಲಿ ಕಾನಲ್ ಎಲಿಯಟ್ ಮತ್ತು ಪಾಲ್ ಹುಡಾಕ್ ಎಂಬ ವಿದ್ವಾಂಸರು ಹ್ಯಾಸ್ಕೆಲ್ ಭಾಷೆಯಲ್ಲಿ ಚಲಿಸುವ ಚಿತ್ರಗಳನ್ನು ರಚಿಸಲು ಇದನ್ನೇ ಶಾಸ್ತ್ರೀಯವಾಗಿ ನಿರೂಪಿಸಿದರು. ಮುಂದೆ ಜಾಲತಾಣಗಳ ನಿರ್ಮಾಣಕ್ಕೂ ಅದು ವಿಸ್ತರಿಸಿತು.

ಇನ್ನು ಮುಕ್ತತೆಯ ವಿಚಾರ. ಯಳಂದೂರಿನೊಡನೆ ಹೆಸರು ಬೆಸೆದುಕೊಂಡಿರುವ ಷಡಕ್ಷರದೇವನ 17ನೆಯ ಶತಮಾನದ ಕಾವ್ಯಗಳು ಇಂದಿಗೂ ಉಳಿದಿರುವುದಕ್ಕೆ ಓಲೆಗರಿಗಳನ್ನು ಪ್ರತಿಮಾಡಿಕೊಂಡವರೇ ಕಾರಣರು. ಮೂಲ ಕಣ್ಣೆದುರಿಗಿದ್ದರೆ ಪಾಠಾಂತರಗಳನ್ನು ಹೋಲಿಸಬಹುದು, ಲಿಪಿಕಾರನ ದೋಷವನ್ನು ತಿದ್ದಬಹುದು. ಮುಕ್ತ ತಂತ್ರಾಂಶವೂ ಹೀಗೆಯೇ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ಪ್ರತಿಮಾಡಬಹುದು, ತಿದ್ದಿ ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆ ಈ ಹಕ್ಕುಗಳಿಗೆ ನೆಲೆಯೊದಗಿಸಿತು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ಸಾಧನವು ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ಪಾಠಾಂತರದಂತೆ ದಾಖಲಿಸಿಡುತ್ತದೆ.

ಮುಕ್ತವೆಂದ ಮಾತ್ರಕ್ಕೆ ಪರವಾನಗಿಯನ್ನು ಓದದೆ ಒಪ್ಪಬಾರದು. ಫೇಸ್‌ಬುಕ್ ಸಂಸ್ಥೆ 2013ರಲ್ಲಿ ಹೊರತಂದ ರಿಯಾಕ್ಟ್ ಎಂಬ ಸಾಧನದ ಪರವಾನಗಿಯಲ್ಲಿ ಮುಂದೆ ಪೇಟೆಂಟ್ ಹಕ್ಕಿನ ಷರತ್ತೊಂದು ಸೇರಿತು. ಆ ಕಾರಣದಿಂದ 2017ರಲ್ಲಿ ಅಪಾಚೆ ಪ್ರತಿಷ್ಠಾನವು ತನ್ನ ಯೋಜನೆಗಳಲ್ಲಿ ಅದನ್ನು ಸೇರಿಸಕೂಡದೆಂದಿತು. ಅದೇ ವರ್ಷ ಸಂಸ್ಥೆಯು ಷರತ್ತನ್ನು ಕೈಬಿಟ್ಟು ಉದಾರವಾದ ಎಂಐಟಿ ಪರವಾನಗಿಗೆ ಬದಲಾಯಿಸಿತು.

ಈ ಎರಡು ಲಕ್ಷಣಗಳಿಂದ ಕೆಲವು ಸಾಧನಗಳನ್ನು ತೂಗಿ ನೋಡಬಹುದು. ಮೊದಲನೆಯದು ಲಿಬ್ರೆಆಫೀಸಿನ ಕ್ಯಾಲ್ಕ್. ಅದು ಪೂರ್ಣವಾಗಿ ಮುಕ್ತ, ಸ್ವಭಾವತಃ ಪ್ರತಿಸ್ಪಂದಿ. ಅಂತರ್ಜಾಲದ ಹಂಗಿಲ್ಲದೆ ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ. ಆದರೆ ಲೆಕ್ಕದ ಸೂತ್ರಗಳು ಒಂದೊಂದು ಮನೆಯೊಳಗೆ ಅಡಗಿರುವುದರಿಂದ ಪಟ್ಟಿ ದೊಡ್ಡದಾದಂತೆ ತಪ್ಪನ್ನು ಹುಡುಕುವುದು ಕಷ್ಟವಾಗುತ್ತದೆ.

ಎರಡನೆಯದು 1991ರಲ್ಲಿ ಗೀಡೊ ವಾನ್ ರಾಸಮ್ ಪ್ರಕಟಿಸಿದ ಪೈಥಾನ್. ಓದಲು ಸರಳ, ಕಲಿಸುವವರು ಬಹಳ. ಅದನ್ನು ಬರೆಯಲು ಬಳಸುವ ಜುಪಿಟರ್ ಎಂಬ ಟಿಪ್ಪಣಿಪುಸ್ತಕದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಮೇಲಿನ ಮನೆಯಲ್ಲಿ 58ನ್ನು 68 ಎಂದು ತಿದ್ದಿದರೂ ಕೆಳಗಿನ ಮನೆಯಲ್ಲಿ 194 ಎಂಬ ಹಳೆಯ ಉತ್ತರವೇ ನಿಂತಿರುತ್ತದೆ. ಒಂದೇ ಪುಟದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳು! ಈ ಕೊರತೆಯನ್ನು ನೀಗಲು ಮಾರಿಮೊ ಎಂಬ ಮುಕ್ತ ಟಿಪ್ಪಣಿಪುಸ್ತಕ ಈಚೆಗೆ ಬಂದಿದೆ.

ಮೂರನೆಯದು 2012ರಲ್ಲಿ ಹೊರಬಂದ ಜೂಲಿಯಾ. ಅದರ ಕರ್ತೃಗಳಲ್ಲಿ ಒಬ್ಬರು ಭಾರತೀಯರಾದ ವಿರಲ್ ಷಾ. ಇದರ ಪ್ಲೂಟೊ ಎಂಬ ಟಿಪ್ಪಣಿಪುಸ್ತಕ 2020ರಲ್ಲಿ ಬಂದಿತು. ಒಂದು ಮನೆ ಬದಲಾದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲವೂ ಇದರಲ್ಲಿ ತಾವಾಗಿ ಬದಲಾಗುತ್ತವೆ. ಒಂದೇ ಹೆಸರಿಗೆ ಎರಡು ಕಡೆ ಬೇರೆ ಬೇರೆ ಅರ್ಥ ಕೊಡಲು ಅದು ಬಿಡುವುದಿಲ್ಲ. ಕಲಿಯುವವರಿಗೆ ಇದೊಂದು ಒಳ್ಳೆಯ ಶಿಸ್ತು. ಮೊದಲ ಸ್ಥಾಪನೆಗೆ ಅಂತರ್ಜಾಲ ಬೇಕು, ಆರಂಭವಾಗಲು ತುಸು ಹೊತ್ತು ಹಿಡಿಯುತ್ತದೆ.

ನಾಲ್ಕನೆಯದು ಜಾವಾಸ್ಕ್ರಿಪ್ಟ್ ಭಾಷೆಯ ಸಾಧನಗಳು. ರಿಯಾಕ್ಟ್ ಎಂಬುದು ಬದಲಾವಣೆಯಾದಾಗ ಪುಟದ ಆ ಭಾಗವನ್ನು ಮತ್ತೆ ಲೆಕ್ಕಹಾಕಿ, ಹಳೆಯದರೊಡನೆ ಹೋಲಿಸಿ, ವ್ಯತ್ಯಾಸವನ್ನಷ್ಟೇ ಪರದೆಯಲ್ಲಿ ತಿದ್ದುತ್ತದೆ. 2014ರ ವ್ಯೂ ಎಂಬುದು ಯಾವ ಅಂಕಿಯನ್ನು ಯಾವ ಭಾಗ ಬಳಸಿತೆಂಬುದನ್ನು ನೆನಪಿಟ್ಟುಕೊಂಡು ಅದಕ್ಕೆ ಮಾತ್ರ ಸುದ್ದಿ ಮುಟ್ಟಿಸುತ್ತದೆ. ಇವು ಉದ್ಯೋಗಕ್ಕೆ ಉಪಯುಕ್ತ. ಮೊದಲ ಪಾಠಕ್ಕೆ ಭಾರ.

ಭಾಷಾಭಿಮಾನಿಗಳಿಗೆ ಸಂತೋಷ ತರುವ ಸಂಗತಿಯೊಂದಿದೆ. ಪೈಥಾನಿನ 2008ರ ಮೂರನೆಯ ಆವೃತ್ತಿಯಿಂದ ಮೊದಲ್ಗೊಂಡು ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಹುದು. ಜೂಲಿಯಾದಲ್ಲಿಯೂ ಇದಕ್ಕೆ ಅವಕಾಶವಿದೆ. 'ಮೊತ್ತ = ಕನ್ನಡ + ಗಣಿತ + ವಿಜ್ಞಾನ' ಎಂದು ಮಗು ಬರೆದರೆ ಯಂತ್ರ ಒಪ್ಪಿಕೊಳ್ಳುತ್ತದೆ. ಇಂಗ್ಲಿಷಿನ ಭಯದಿಂದ ತರ್ಕದ ಬಾಗಿಲಲ್ಲೇ ಹಿಂದಿರುಗುವ ಹಳ್ಳಿಯ ಮಕ್ಕಳಿಗೆ ಇದು ಸಣ್ಣ ಉಪಕಾರವಲ್ಲ.

ಶಾಲೆಗಳಲ್ಲಿ ಇದು ಸಾಧ್ಯವೇ ಎಂಬ ಶಂಕೆಗೆ ಗಡಿನಾಡಿನಲ್ಲಿ ಉತ್ತರ ಸಿಗುತ್ತದೆ. ಕೇರಳ ಸರ್ಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನೇ ಅವಲಂಬಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಪ್ರೌಢಶಾಲೆಯ ಪಾಠಗಳಲ್ಲಿ ಪೈಥಾನ್ ಸೇರಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈ ವಿಷಯವನ್ನು ಕನ್ನಡದ ಪಠ್ಯಪುಸ್ತಕದಿಂದಲೇ ಕಲಿಯುತ್ತಾರೆ. ಪರವಾನಗಿಗೆ ಹಣ ಕಟ್ಟಬೇಕಾಗಿಲ್ಲದುದರಿಂದ ಶಾಲೆಯ ತಂತ್ರಾಂಶವನ್ನೇ ಮಗು ಮನೆಯ ಯಂತ್ರದಲ್ಲಿಯೂ ನಿಸ್ಸಂಕೋಚವಾಗಿ ಹಾಕಿಕೊಳ್ಳಬಹುದು.

ಈ ಮೂರು ತಾಲ್ಲೂಕುಗಳ ಸನ್ನಿವೇಶಕ್ಕೆ ಇದನ್ನು ಅನ್ವಯಿಸಿದರೆ ಕ್ರಮವೊಂದು ತಾನಾಗಿ ಗೋಚರಿಸುತ್ತದೆ. ಹನೂರಿನ ಕಾಡಂಚಿನ ಊರುಗಳಲ್ಲಿ ಅಂತರ್ಜಾಲ ಎಲ್ಲ ಕಾಲಕ್ಕೂ ಒಂದೇ ಬಗೆಯಾಗಿ ದೊರೆಯುವುದಿಲ್ಲ. ಆದ್ದರಿಂದ ಕ್ಯಾಲ್ಕ್‌ನಿಂದ ಆರಂಭಿಸುವುದು ಕ್ಷೇಮ. ಅಂಕಪಟ್ಟಿಯನ್ನೋ ರೇಷ್ಮೆಗೂಡಿನ ತೂಕ-ಬೆಲೆಗಳನ್ನೋ ಅದರಲ್ಲಿ ಬರೆದು ಸಂಬಂಧದ ಅರಿವು ಮೂಡಿದ ಮೇಲೆ, ಅದೇ ಲೆಕ್ಕವನ್ನು ಪೈಥಾನಿನಲ್ಲಿಯೂ ಪ್ಲೂಟೊ ಅಥವಾ ಮಾರಿಮೊದಲ್ಲಿಯೂ ಬರೆಯಿಸಬಹುದು. ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಮಾಡಿದಾಗಲೇ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುತ್ತದೆ. ದಾನಿಗಳ ಹಣವೂ ವರ್ಷ ವರ್ಷದ ಪರವಾನಗಿಗೆ ಸವೆಯದೆ ಯಂತ್ರಗಳಿಗೂ ಶಿಕ್ಷಕರ ತರಬೇತಿಗೂ ಒದಗುತ್ತದೆ.

ಕೊನೆಯದಾಗಿ ಒಂದು ಮಾತು. ಪ್ರತಿಸ್ಪಂದನದಲ್ಲಿ ಸರಿಯಾದ ಅಂಕಿ ಎಷ್ಟು ಬೇಗ ಹರಿಯುತ್ತದೆಯೋ ತಪ್ಪು ಅಂಕಿಯೂ ಅಷ್ಟೇ ಬೇಗ ಹರಿಯುತ್ತದೆ. 68ರ ಬದಲು 86 ಎಂದು ಬರೆದರೆ ಸಾಧನವು ಪ್ರಶ್ನಿಸುವುದಿಲ್ಲ. ಎಲ್ಲ ಪಟ್ಟಿಗಳನ್ನೂ ಆ ತಪ್ಪಿಗೆ ಹೊಂದಿಸಿಬಿಡುತ್ತದೆ. ಕೆರೆಯ ನೀರು ಕೆಟ್ಟರೆ ಕಾಲುವೆಯ ಕೊನೆಯ ಗದ್ದೆಗೂ ಕೆಟ್ಟ ನೀರೇ ಹಾಯುವುದು. ಆದುದರಿಂದ ಮೂಲವನ್ನು ತೆರೆದು ನೋಡುವ ಅಭ್ಯಾಸವನ್ನು ಮೊದಲು ಕಲಿಸಬೇಕು. ಆ ಅಭ್ಯಾಸಕ್ಕೆ ಅವಕಾಶ ಕೊಡುವ ಸಾಧನವನ್ನೇ ಶಾಲೆ ಆರಿಸಿಕೊಳ್ಳಬೇಕು. ಯಂತ್ರವು ಲೆಕ್ಕವನ್ನು ತಾನಾಗಿ ನಡೆಸೀತು. ಲೆಕ್ಕದ ಮೊದಲ ಅಂಕಿಗೆ ಹೊಣೆ ಮನುಷ್ಯನೇ.