ಬೆಳಕಿಗೊಂದು ಬಾಚಣಿಗೆ

ಲ್ಯಾಬ್‌ನ ಸಿಆರ್‌ಓಗೆ ಒಂದೆರಡು ಮೆಗಾಹರ್ಟ್ಸ್ ಸಿಗ್ನಲ್ ಕೊಟ್ಟರೆ ಅದರ ಫ್ರೀಕ್ವೆನ್ಸಿ ಎಷ್ಟು ಅಂತ ನಾವು ಆರಾಮಾಗಿ ಹೇಳ್ತೀವಿ. ಆದ್ರೆ ಫಿಸಿಕ್ಸ್ ಲ್ಯಾಬ್‌ನ ಕೆಂಪು ಹೀಲಿಯಂ-ನಿಯಾನ್ ಲೇಸರ್? ಆ ಬೆಳಕು ಸೆಕೆಂಡಿಗೆ ಸುಮಾರು 474 ಲಕ್ಷ ಕೋಟಿ ಸಲ ಕಂಪಿಸುತ್ತೆ. ಇಷ್ಟು ವೇಗವಾಗಿ ಎಣಿಸೋ ಎಲೆಕ್ಟ್ರಾನಿಕ್ ಕೌಂಟರ್ ಇಲ್ಲ. ಹಿಂದೆ ಇದಕ್ಕಾಗಿ ರೂಮ್ ತುಂಬಾ ಲೇಸರ್‌ಗಳ ಸರಪಳಿಯನ್ನೇ ಕಟ್ಟಬೇಕಿತ್ತು.

ದಾರಿ ತೋರಿಸಿದ್ದು ಫೆಮ್ಟೋಸೆಕೆಂಡ್ ಲೇಸರ್. ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಸಾವಿರ ಭಾಗ ಮಾಡಿದರೆ ಒಂದು ಫೆಮ್ಟೋಸೆಕೆಂಡ್. ಈ ಲೇಸರ್ ಕೆಲವೇ ಫೆಮ್ಟೋಸೆಕೆಂಡ್‌ಗಳ ಬೆಳಕಿನ ಪಲ್ಸ್‌ಗಳನ್ನು ಒಂದೇ ಸಮನೆ ಬಿಡ್ತಾ ಇರುತ್ತೆ.

ಈಗ ಮ್ಯಾಥ್ಸ್ ಕ್ಲಾಸಿನ ಫೋರಿಯರ್ ಸೀರೀಸ್ ನೆನಪಿಸಿಕೊಳ್ಳೋಣ. ಕಾಲದಲ್ಲಿ ಮರುಕಳಿಸುವ ಸಿಗ್ನಲ್ಲು ಫ್ರೀಕ್ವೆನ್ಸಿಯಲ್ಲಿ ಸಮ ಅಂತರದ ಗೆರೆಗಳಾಗಿ ಕಾಣುತ್ತೆ, ಥೇಟ್ ಬಾಚಣಿಗೆಯ ಹಲ್ಲುಗಳ ಹಾಗೆ. ಇದೇ ಫ್ರೀಕ್ವೆನ್ಸಿ ಕೋಂಬ್. ಹಲ್ಲುಗಳ ನಡುವಿನ ಅಂತರ ಅಂದ್ರೆ ಸೆಕೆಂಡಿಗೆ ಬರೋ ಪಲ್ಸ್‌ಗಳ ಸಂಖ್ಯೆ. ಅದು ರೇಡಿಯೋ ಫ್ರೀಕ್ವೆನ್ಸಿ, ಕೌಂಟರ್‌ಗೆ ಸುಲಭ.

ಒಂದೇ ತೊಡಕು: ಇಡೀ ಬಾಚಣಿಗೆ ಸೊನ್ನೆಯಿಂದ ಶುರುವಾಗದೆ ಸ್ವಲ್ಪ ಜರುಗಿರುತ್ತೆ. ಎಷ್ಟು ಜರುಗಿದೆ ಅಂತ ತಿಳಿಯೋದು ಹೇಗೆ? ಮೊದಲು ಬೆಳಕನ್ನು ವಿಶೇಷ ಫೈಬರ್‌ನಲ್ಲಿ ಹಾಯಿಸಿ, ತುದಿಯ ಹಲ್ಲು ಮೊದಲ ಹಲ್ಲಿನ ದುಪ್ಪಟ್ಟು ಫ್ರೀಕ್ವೆನ್ಸಿಗೆ ಮುಟ್ಟುವಷ್ಟು ಬಾಚಣಿಗೆಯನ್ನು ಅಗಲ ಮಾಡ್ತಾರೆ. ಆಮೇಲೆ 'ಎನ್'ನೇ ಹಲ್ಲಿನ ಬೆಳಕನ್ನು ಕ್ರಿಸ್ಟಲ್‌ನಲ್ಲಿ ದುಪ್ಪಟ್ಟು ಮಾಡಿದರೆ ಜರುಗಿದ್ದೂ ದುಪ್ಪಟ್ಟಾಗುತ್ತೆ. ಆದರೆ '2ಎನ್'ನೇ ಹಲ್ಲಿನಲ್ಲಿ ಅದು ಒಂದೇ ಪಟ್ಟು. ಎರಡರ ವ್ಯತ್ಯಾಸ ತೆಗೆದರೆ ಉತ್ತರ ಸಿಕ್ಕೇಬಿಡ್ತು!

ಇನ್ನು ಅಳೆಯಬೇಕಾದ ಲೇಸರನ್ನು ಹತ್ತಿರದ ಹಲ್ಲಿನ ಜೊತೆ ಬೆರೆಸಿದರೆ ಬೀಟ್ ಬರುತ್ತೆ. ಬೀಟ್ ಎಣಿಸಿ, ಅದು ಎಷ್ಟನೇ ಹಲ್ಲು ಅಂತ ಗೊತ್ತು ಮಾಡಿಕೊಂಡರೆ ಬೆಳಕಿನ ಲೆಕ್ಕ ಮುಗೀತು. ಈ ತಂತ್ರ ಬೆಳೆಸಿದ್ದಕ್ಕೆ ಜರ್ಮನಿಯ ಥಿಯೋಡರ್ ಹೆನ್ಶ್ ಮತ್ತು ಅಮೆರಿಕದ ಜಾನ್ ಹಾಲ್ ಅವರಿಗೆ 2005ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಇದರಿಂದ ಏನು ಲಾಭ? 1967ರಿಂದ ಒಂದು ಸೆಕೆಂಡ್ ಅಂದ್ರೆ ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ಮೈಕ್ರೋವೇವ್‌ನ 9,192,631,770 ಕಂಪನಗಳು. ಸ್ಟ್ರಾಂಶಿಯಂನಂಥ ಬೆಳಕಿನ ಗಡಿಯಾರಗಳು ಅದಕ್ಕಿಂತ ಹತ್ತಾರು ಸಾವಿರ ಪಟ್ಟು ವೇಗವಾಗಿ ಟಿಕ್ ಅನ್ನುತ್ತವೆ. ಸ್ಕೇಲ್‌ನಲ್ಲಿ ಗೆರೆಗಳು ಹತ್ತಿರ ಇದ್ದಷ್ಟೂ ಅಳತೆ ಸೂಕ್ಷ್ಮವಾಗುತ್ತಲ್ಲ, ಹಾಗೆ. ಆದರೆ ಆ ಟಿಕ್‌ಗಳನ್ನು ಎಣಿಸಲಾಗದಿದ್ದರೆ ಗಡಿಯಾರ ಇದ್ದೂ ಪ್ರಯೋಜನವಿಲ್ಲ. ಬಾಚಣಿಗೆ ಬಂದಮೇಲೆ ಎಣಿಸೋದು ಸಾಧ್ಯವಾಯ್ತು. ಹಾಗಾಗಿಯೇ ಈಗ ಸೆಕೆಂಡಿನ ವ್ಯಾಖ್ಯೆಯನ್ನೇ ಬೆಳಕಿನ ಆಧಾರದ ಮೇಲೆ ಬದಲಿಸುವ ತಯಾರಿ ನಡೀತಿದೆ.

ಫೋರಿಯರ್ ಸೀರೀಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಇನ್ಮೇಲೆ ಯಾರಾದ್ರೂ ಕೇಳಿದರೆ, ಕೈಯಲ್ಲಿರೋ ವಾಚ್ ತೋರಿಸಿ ಮಾತು ಶುರು ಮಾಡೋಣ.