ಶರಾವತಿಯ ಸಿಹಿ, ಅಘನಾಶಿನಿಯ ಉಪ್ಪು: ಪರಿಸರ ರಸಾಯನಶಾಸ್ತ್ರದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳು ಪರಿಸರ ರಸಾಯನಶಾಸ್ತ್ರ ಓದುತ್ತೇನೆ ಎಂದರೆ ಮನೆಯವರು ಮೊದಲು ಹೇಳುವ ಮಾತು: ‘ಅದು ಗಿಡ ನೆಡುವ, ಕಡಲ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವ ಸಬ್ಜೆಕ್ಟು.’ ಹಾಗೆ ಅನ್ನಿಸಲು ಕಾರಣವಿದೆ. ಸುಪ್ರೀಂ ಕೋರ್ಟಿನ ಆದೇಶದಿಂದಾಗಿ ಪದವಿಯ ಎಲ್ಲರಿಗೂ ಕಡ್ಡಾಯವಾದ ‘ಪರಿಸರ ಅಧ್ಯಯನ’ ಪತ್ರಿಕೆಯನ್ನೇ ಜನ ಇದೆಂದು ತಿಳಿದಿದ್ದಾರೆ. ಬಿ.ಎ., ಬಿ.ಕಾಂ.ನವರೂ ಬರೆಯುವ ಆ ಪತ್ರಿಕೆಗೆ ಬ್ಯೂರೆಟ್ ಬೇಡ, ಇದಕ್ಕೆ ಬೇಕು. ಬಾವಿ ನೀರಿನ ಕ್ಲೋರೈಡ್ ಅಳೆಯಲು ಸಿಲ್ವರ್ ನೈಟ್ರೇಟನ್ನು ಹನಿ ಹನಿಯಾಗಿ ಬಿಡುತ್ತ, ಹಳದಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುವ ಗಳಿಗೆಯನ್ನು ಹಿಡಿಯಬೇಕು. ಕೊಳಚೆ ನೀರಿನ ಬಿಓಡಿ (ಜೈವಿಕ ಆಮ್ಲಜನಕ ಬೇಡಿಕೆ) ತಿಳಿಯಲು ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟು, ಎಷ್ಟು ಆಮ್ಲಜನಕ ಖರ್ಚಾಯಿತೆಂದು ಲೆಕ್ಕ ಹಾಕಬೇಕು. ಕೈ ಪಳಗದೆ ಇದು ಬರುವುದಿಲ್ಲ.

ಇನ್ನೊಂದು ನಂಬಿಕೆ, ಅದೇ ಹೆಸರಿನ ಡಿಗ್ರಿ ಹುಡುಕಿಕೊಂಡು ದೂರದ ಊರಿಗೆ ಹೋಗಲೇಬೇಕು ಎಂಬುದು. ಬೇಕಿಲ್ಲ. ಭಟ್ಕಳದ ಅಂಜುಮನ್, ಹೊನ್ನಾವರದ ಎಸ್‌ಡಿಎಂ, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ರಸಾಯನಶಾಸ್ತ್ರ ಮುಖ್ಯವಾಗಿರುವ ಬಿ.ಎಸ್ಸಿ.ಯನ್ನು ಊರಲ್ಲೇ ಗಟ್ಟಿಯಾಗಿ ಓದಿದವರು ಎಂ.ಎಸ್ಸಿ.ಯಲ್ಲಿ ಪರಿಸರದ ಕಡೆ ಹೊರಳಬಹುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗವೇ ಇದೆ. ಅಡಿಪಾಯ ರಸಾಯನಶಾಸ್ತ್ರದ್ದೇ ಆಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

‘ನಮ್ಮಲ್ಲಿ ದೊಡ್ಡ ಕಾರ್ಖಾನೆಯೇ ಇಲ್ಲ, ಅಳೆಯಲು ಏನಿದೆ?’ ಎಂಬ ಮಾತು ಮಾತ್ರ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುತ್ತಾಳೆ. ಸುಮಾರು 30 ಕಿ.ಮೀ. ಬಡಗಿಗೆ, ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಂತೆ ಭರತದ ಉಪ್ಪುನೀರು ಒಳಗೆ ಏರಬೇಕು. ಆದರೆ ಶರಾವತಿಯಲ್ಲಿ ವಿದ್ಯುತ್ ತೆಗೆದ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುತ್ತದೆ, ಅಳಿವೆಯ ಉಪ್ಪಿನಂಶ ಇಳಿಯುತ್ತದೆ. ಉಪ್ಪಿನ ಏರಿಳಿತಕ್ಕೆ ಒಗ್ಗಿದ ಬಳಚು ಎಂಬ ಚಿಪ್ಪುಮೀನು ಅಲ್ಲಿ ಕ್ಷೀಣಿಸಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ವಿಷ ಸೇರಿದ್ದಲ್ಲ, ಉಪ್ಪು ಕಡಿಮೆಯಾದದ್ದು. ಅಷ್ಟಕ್ಕೇ ಬಳಚು ಹೆಕ್ಕಿ ಬದುಕುವವರ ಅನ್ನ ಕುಂದಿತು. ಅಘನಾಶಿನಿ ಅಳಿವೆಯಲ್ಲಿ ಬಳಚೂ ಉಳಿದಿದೆ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತವೂ ಉಳಿದಿದೆ. 2024ರಲ್ಲಿ ಈ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಣೆಕಟ್ಟಿರುವ ಒಂದು ಹೊಳೆ, ಇಲ್ಲದ ಇನ್ನೊಂದು, ಇಷ್ಟು ಹತ್ತಿರ: ಹೋಲಿಸಿ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು.

ಅದೇ ಅಘನಾಶಿನಿ ಅಳಿವೆಯ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೆ ಹೋಗಿ ನೋಡಿ. ಕಡಲ ನೀರು ಬಿಸಿಲಿಗೆ ಆರುವಾಗ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಂ, ಅದರ ನಂತರವೇ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಲವಣಗಳು ಕಹಿ ನೀರಿನಲ್ಲಿ ಉಳಿದುಬಿಡುತ್ತವೆ. ಕರಗುವಿಕೆಯ ಪಾಠ ಪೂರ್ತಿ ಅಲ್ಲಿದೆ.

ಅಡಿಕೆ ತೋಟಕ್ಕೆ ಬನ್ನಿ. ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದರಲ್ಲಿ ಕತ್ತಿ ಅದ್ದಿ ನೋಡುವ ರೂಢಿ ಇದೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಕಬ್ಬಿಣ ಕರಗಿ, ಬಿಡಿಯಾಗಿ ಉಳಿದ ತಾಮ್ರ ಅಲಗಿನ ಮೇಲೆ ಕೂರುವ ಪಲ್ಲಟ ಕ್ರಿಯೆ ಅದು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ತಾಮ್ರ ಮೂಲವಸ್ತು, ಕೊಳೆತು ಮಾಯವಾಗುವುದಿಲ್ಲ. ದಶಕಗಳಿಂದ ಮದ್ದು ಕಂಡ ತೋಟದ ಮಣ್ಣಿನಲ್ಲಿ ಈಗ ಎಷ್ಟು ತಾಮ್ರ ಕೂತಿದೆ, ಅದು ಎರೆಹುಳಕ್ಕೆ, ಬೇರಿಗೆ ಏನು ಮಾಡುತ್ತಿದೆ ಎಂದು ನಮ್ಮ ಮಕ್ಕಳೇ ಅಳೆಯಲಿ ಎಂಬ ಆಸೆ ನನ್ನದು.

‘ತಿಳಿಯಾದ ನೀರು ಶುದ್ಧ, ಕುದಿಸಿದರೆ ಮುಗಿಯಿತು’ ಎಂಬುದೂ ಅರ್ಧ ಸತ್ಯ. ಕುದಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ ಅದರ ಸಾಂದ್ರತೆ ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿ.ಗ್ರಾಂ. ಅದರ ಮಿತಿ. ಮನೆಗಳು ಒತ್ತಾಗಿರುವ ಪೇಟೆಯಲ್ಲಿ, ತೂತು ತೂತಾದ ಜಂಬಿಟ್ಟಿಗೆಯ ನೆಲದಲ್ಲಿ, ಶೌಚದ ಗುಂಡಿ ಬಾವಿಗೆ ಹತ್ತಿರವಿದ್ದರೆ ಪರೀಕ್ಷೆ ಮಾಡಿಸಲೇಬೇಕು.

ಇನ್ನು ಕೆಲಸದ ಮಾತು. ‘ಮೇಷ್ಟ್ರಾಗುವುದು ಬಿಟ್ಟರೆ ಬೇರೆ ದಾರಿಯಿಲ್ಲ’ ಎಂಬುದು ಸುಳ್ಳು. ನೀರು ಪರೀಕ್ಷೆಯ ಲ್ಯಾಬು, ಮೀನು ರಫ್ತು ಘಟಕ, ಔಷಧ ಕಂಪನಿ, ಮಾಲಿನ್ಯ ನಿಯಂತ್ರಣ ಮಂಡಳಿ, ಎಲ್ಲಕ್ಕೂ ವಿಶ್ಲೇಷಣೆ ಬಲ್ಲವರು ಬೇಕು. ‘ಡಿಗ್ರಿ ಮುಗಿದ ಕೂಡಲೇ ದೊಡ್ಡ ಸಂಬಳ’ ಎಂಬುದೂ ಅಷ್ಟೇ ಸುಳ್ಳು. ಬರೀ ಬಿ.ಎಸ್ಸಿ.ಗೆ ಸಿಗುವುದು ಹೆಚ್ಚಾಗಿ ಲ್ಯಾಬಿನ ಕೆಳಹಂತದ ಕೆಲಸ, ಅದೂ ಮಂಗಳೂರು, ಬೆಂಗಳೂರಿನ ಕಡೆ. ಹಾಗಾಗಿ ಸೇರುವ ಮೊದಲೇ ಎಂ.ಎಸ್ಸಿ.ಯ 2 ವರ್ಷ, ಅದರ ಖರ್ಚು ಎರಡನ್ನೂ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಕಾಲೇಜು ನೋಡಲು ಹೋದಾಗ ಲ್ಯಾಬಿನ ಬಾಗಿಲು ತೆರೆಸಿ, ಸ್ಪೆಕ್ಟ್ರೋಫೋಟೊಮೀಟರ್ ಇದೆಯೇ, ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ಕೇಳಿ.